ಡಬ್ಬಿಯ ಸದ್ದಡಗಿಸುವ ಹತ್ತಿಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬಾಗಿಲ ಪಕ್ಕದ ಕೋಣೆಯಲ್ಲಿ ಆಕೆ ಮಾತ್ರೆ ಡಬ್ಬಿಗಳ ಮುಚ್ಚಳ ತೆಗೆದು, ಒಂದೊಂದಕ್ಕೂ ಹತ್ತಿ ತುರುಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಸದ್ದು ಬಂದರೆ ಇನ್ನೊಂದು ಚೂರು ಹತ್ತಿ. "ಬಸ್ಸಲ್ಲಿ ಚೀಲ ಗಲಗಲ ಅಂದ್ರೆ ಪಕ್ಕದೋರು ಏನದು ಅಂತಾರೆ. ಆ ಒಂದು ಮಾತಿಗೆ ಹೆದರಿ ಮಾತ್ರೇನೇ ಬಿಟ್ಟೋರಿದ್ದಾರೆ." ಎಚ್‌ಐವಿ ಔಷಧಿ ಕೇಂದ್ರದ ಈ ಸಹಾಯಕಿಗೆ ಇಲ್ಲಿಗೆ ಬರುವವರು ಇಟ್ಟ ಹೆಸರು ಹತ್ತಿಯಕ್ಕ.

ಇದು ಹತ್ತೊಂಬತ್ತು ವರ್ಷದ ಕೆಲಸ. ದಿನಾ ಮಾತ್ರೆ ನುಂಗುವವರಲ್ಲಿ ಆಕೆಯೂ ಒಬ್ಬರು. "ನಮ್ಮೆಜಮಾನ್ರ ಕಾಲಕ್ಕೆ ಇದು ಸಿಗಲಿಲ್ಲ, ಹೋಗ್ಬಿಟ್ರು. ನನಗೆ ಸಿಕ್ತು. ಗುಂಡುಕಲ್ಲಿನ ಹಾಗಿದೀನಿ ನೋಡಿ."

ಕೇಂದ್ರದಲ್ಲಿ ಹೆಸರಿರುವವರು ಆರುನೂರ ಹನ್ನೆರಡು ಮಂದಿ. ಗೋಡೆಯ ಮೇಲಿನ ಪಟ್ಟಿಯಲ್ಲಿ ದೇಶದ ಲೆಕ್ಕವಿದೆ: ವಯಸ್ಕರಲ್ಲಿ ಸಾವಿರಕ್ಕೆ ಇಬ್ಬರಿಗೆ ಸೋಂಕು, ಹೊಸದಾಗಿ ತಗುಲುವವರು ವರ್ಷದಿಂದ ವರ್ಷಕ್ಕೆ ಕಡಿಮೆ. ಚಿಕಿತ್ಸೆಯಲ್ಲಿರುವ ನೂರರಲ್ಲಿ ತೊಂಬತ್ತೈದು ಜನರ ಮೈಯಲ್ಲಿ ವೈರಾಣು ಮಾತ್ರೆಗೆ ಅಡಗಿ, ಪರೀಕ್ಷೆಗೆ ಕಾಣದಷ್ಟು ಕಡಿಮೆಯಾಗಿರಬೇಕೆಂಬುದು ಗುರಿ. "ತೊಂಬತ್ತೈದು ಜನ ತಾವಾಗೇ ಬರ್ತಾರೆ. ಮಿಕ್ಕ ಐದು ಜನರ ಮನೆ ಬಾಗಿಲು ನನ್ನ ಪಾಲಿಗೆ," ಎಂದು ನಗುತ್ತಾರೆ.

ಎರಡು ವರ್ಷದ ಕೆಳಗೆ ತಾವೇ ಒಂದು ಎಡವಟ್ಟು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಐದು ತಿಂಗಳ ಬಸುರಿಯೊಬ್ಬಳ ರಕ್ತದಲ್ಲಿ ವೈರಾಣು ಕಾಣಿಸಲಿಲ್ಲವೆಂಬ ವರದಿ ಬಂತು. ಹಿಗ್ಗಿನಲ್ಲಿ "ಗೆದ್ದುಬಿಟ್ಟೆ ಕಣೇ" ಎಂದರು. ಗೆದ್ದ ಮೇಲೆ ಮಾತ್ರೆ ಯಾಕೆಂದು ಅವಳು ನಿಲ್ಲಿಸಿಬಿಟ್ಟಳು. ಮಾತ್ರೆ ನಿಂತರೆ ಅಡಗಿದ್ದು ಮತ್ತೆ ತಲೆಯೆತ್ತುತ್ತದೆ, ಹೊಟ್ಟೆಯ ಕೂಸಿಗೂ ತಗುಲಬಹುದು. ಔಷಧಿ ಒಯ್ಯುವ ದಿನ ಕಳೆದರೂ ಅವಳು ಬಾರದಿದ್ದಾಗ ಹತ್ತಿಯಕ್ಕ ಮನೆ ಹುಡುಕಿಕೊಂಡು ಹೋದರು.

ಬಾಗಿಲಲ್ಲಿ ಅತ್ತೆ. ಅವರಿಗೆ ಈ ವಿಷಯ ಗೊತ್ತಿಲ್ಲ. "ಹೊಲಿಗೆ ಕ್ಲಾಸಿನವಳು ಅಂದೆ. ಅವರು ನನ್ನ ಮೇಲಿಂದ ಕೆಳಗೆ ನೋಡಿ, 'ಇವಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಕರ್ಕೊಂಡು ಹೋಗಮ್ಮ, ನಿನಗೆ ಪುಣ್ಯ ಬರುತ್ತೆ' ಅಂದ್ರು." ದಾರಿಯಲ್ಲಿ ಅವಳ ಕೈ ಹಿಡಿದು ಹೇಳಿದರಂತೆ: "ತಪ್ಪು ನಂದು ಕಣೇ. ಅದನ್ನ ಕಟ್ಟಿಹಾಕಿದೀಯ, ಅಷ್ಟೆ. ಹಗ್ಗ ಬಿಟ್ಟೀಯೆ, ಜೋಕೆ." ಆ ಸಂಜೆಯೇ ಮಾತ್ರೆ ಮತ್ತೆ ಶುರುವಾಯಿತು.

ಕೂಸಿಗೀಗ ಒಂದೂವರೆ ವರ್ಷ. ಅದರ ಕೊನೆಯ ಪರೀಕ್ಷೆಯ ವರದಿ ಬರುವುದು ಇವತ್ತೇ. ಎಂಟು ಗಂಟೆಗೆ ತಾಯಿ ಬರುತ್ತಾಳೆ, ಕೂರಲಾರಳು. ಕಂಕುಳಲ್ಲಿರುವ ಮಗಳಿಗೆ ಹತ್ತಿಯ ಉಂಡೆಯ ಮೇಲೆಯೇ ಕಣ್ಣು. ಹತ್ತಿಯಕ್ಕ ವರದಿಯನ್ನು ಎರಡು ಸಲ ಓದುತ್ತಾರೆ. ಆತುರವಿಲ್ಲ, ಒಂದು ಸಲ ಪಾಠ ಕಲಿತಾಗಿದೆ.

"ಮಗೂಗೆ ಸೋಂಕಿಲ್ಲ."

ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. "ಅಳೋದು ಆಮೇಲೆ, ನಿನ್ನ ಡಬ್ಬಿ ಮೊದಲು ಹಿಡ್ಕೋ," ಎಂದು ಗದರಿ, ಹತ್ತಿಯಕ್ಕ ದಾಖಲೆ ಪುಸ್ತಕ ತೆರೆದು ಮಗುವಿನ ಹೆಸರಿನ ಮುಂದೆ ನಿಧಾನವಾಗಿ ಬರೆಯುತ್ತಾರೆ: ಇನ್ನು ಬರಬೇಕಾಗಿಲ್ಲ.

"ಹೋದ ವರ್ಷ ಇದನ್ನ ಏಳು ಸಲ ಬರೆದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಅಂತ ಡಾಕ್ಟರು ಆಡ್ಕೋತಾರೆ. ಈ ಸಾಲು ನೋಡಿ, ಎಷ್ಟು ದುಂಡಗಿದೆ."