ಅಟ್ಟದ ಬಾಣಂತಿ

ನನ್ನ ಮಾವ ಚಾಮರಾಜನಗರದಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬದುಕೆಲ್ಲ ಹೊಲದ ಹಕ್ಕಿಗಳ ಹಿಂದೆ ಅಲೆದು, ತೊಂಬತ್ತರ ದಶಕದ ನಡುವೆ ಅವುಗಳ ಮೇಲೊಂದು ಪುಸ್ತಕ ಬರೆದರು. ಮೈಸೂರಿನ ಪತ್ರಿಕೆಯವರು ಹೊಗಳಿದರು. ನಮ್ಮವರು ಇನ್ನೂ ಹೆಚ್ಚು ಮರ್ಯಾದೆ ಕೊಟ್ಟು, ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಬಿಡಿಸಿ ನೋಡಿದವರಿಲ್ಲ. ಅತ್ತೆಯೂ ಅಷ್ಟೇ. ಅದು ಓದಲಿಕ್ಕೆ ಬರೆದದ್ದು ಎಂದು ಮಾವ ಗೊಣಗುತ್ತಿದ್ದರು.

ನಾನು ಗುಂಡ್ಲುಪೇಟೆಯ ಅರಿಶಿನ ವ್ಯಾಪಾರಿ, ಮೂಟೆ ಹೊತ್ತು ಮೇಲೆ ಬಂದವನು. ಹಿರಿಯ ಅಳಿಯನೆಂದು ಆ ಮನೆಯ ವ್ಯವಹಾರಕ್ಕೆಲ್ಲ ನನ್ನನ್ನೇ ಕರೆಯುತ್ತಿದ್ದರು, ಕರೆಯದಿದ್ದರೂ ಹೋಗುತ್ತಿದ್ದೆ. ನಾದಿನಿಗೆ ತೆರಕಣಾಂಬಿಯ ಸಂಬಂಧ ತಂದವನೂ ನಾನೇ. ರೈತರ ಮನೆ, ಒಳ್ಳೆಯ ಜನ. ಹುಡುಗನನ್ನು ಬಸ್ಸಿನಲ್ಲಿ ಕಂಡಿದ್ದ ನಾದಿನಿಗೂ ಮನಸ್ಸಿತ್ತು. ಅವರು ಹೆಣ್ಣು ನೋಡಲು ಬರುವ ವಾರವೇ ಅಟ್ಟದಲ್ಲಿ ಗೂಬೆ ಮರಿ ಮಾಡಿತು.

ಗೂಬೆ ಹೊಕ್ಕ ಮನೆಗೆ ಬೀಗ ಹಾಕಿ ಶಾಂತಿ ಮಾಡಿಸುವ ಸೀಮೆ ನಮ್ಮದು. ಅಂಥ ಮನೆಯ ಹೆಣ್ಣನ್ನು ಯಾರು ಒಪ್ಪುತ್ತಾರೆ? ಗಿರಾಕಿ ಬರುವ ಮುಂಚೆ ಅಂಗಡಿ ಗುಡಿಸಬೇಕು, ಮರಿಗಳನ್ನು ಬುಟ್ಟಿಯಲ್ಲಿಟ್ಟು ಬೇರೆಡೆ ಸಾಗಿಸೋಣ ಎಂದೆ. ಗೂಬೆ ರೈತನ ನೆಂಟ ಎಂದು ಪುಸ್ತಕದಲ್ಲಿ ಅಚ್ಚು ಹಾಕಿಸಿ, ಈಗ ನೆಂಟರು ಬರುತ್ತಾರೆಂದು ಅದನ್ನೇ ಓಡಿಸಲೇ ಎಂದು ಮಾವ ಕೂತುಬಿಟ್ಟರು. ಅತ್ತೆ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟರು. ಕೊನೆಗೆ ಚೌಕಾಸಿ ಮಾಡಿ ಒಪ್ಪಿಸಿದೆ: ಗೂಬೆ ಇರಲಿ, ಅದರ ಸುದ್ದಿ ಮಾತ್ರ ಯಾರೂ ಎತ್ತಬಾರದು, ರೇಡಿಯೊ ಜೋರಾಗಿರಬೇಕು.

ಗಂಡಿನವರು ಬಂದರು. ಉಪ್ಪಿಟ್ಟು ಕೊಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ರೇಡಿಯೊ ನಿಂತಿತು. ಅಟ್ಟದಿಂದ ಹಾವಿನಂತೆ ಬುಸ್ ಎಂಬ ಸದ್ದು ಬಂತು.

ಹುಡುಗನ ತಂದೆ ತಟ್ಟೆ ಕೆಳಗಿಟ್ಟರು. “ಮ್ಯಾಲೆ ಏನು, ಆವಾ?”

ಬೆಕ್ಕು ಎನ್ನಲು ನಾನು ಬಾಯಿ ತೆರೆದಿದ್ದೆ. ಅಡುಗೆಮನೆ ಬಾಗಿಲಲ್ಲಿದ್ದ ಅತ್ತೆ ಮುಂದಾದರು.

“ಆವಲ್ಲ ಕಣಣ್ಣ, ಗೂಬೆ. ಬಾಣಂತಿ. ಮರಿಗೆ ರೆಕ್ಕೆ ಬರೋಗಂಟ ಎಲ್ಲಿಗೆ ಕಳ್ಸನ ಏಳಿ? ನಿಮ್ಮನೇಲಿ ಬಾಣಂತೀನ ಆಚೆಗೆ ತಳ್ತಾರಾ?”

ಅವರು ಅಟ್ಟ ನೋಡಿದರು, ಅತ್ತೆಯನ್ನು ನೋಡಿದರು. “ನಮ್ಮನೇಲೂ ಇಲಿ ಕಾಟ ಕಣಕ್ಕ. ಒಂದು ಮರಿ ಕೊಡ್ತೀರಾ?”

“ನೀವು ಬಂದಿರೋದು ಮಗಳ್ನ ಕೇಳಕ್ಕೆ. ಅವಳ್ನ ಮೊದ್ಲು ನೋಡಿ.”

ನಗುವಿನ ನಡುವೆಯೇ ನಾದಿನಿ ಕಾಫಿ ತಂದಳು. ಅತ್ತೆ ಗುಟ್ಟಾಗಿ ಏಣಿ ಹತ್ತಿ ಮರಿಗಳನ್ನು ನೋಡಿಬಂದಿದ್ದರೆಂದು ಆಮೇಲೆ ತಿಳಿಯಿತು. ಅಂದಿನಿಂದ ನಾನೂ ಮಾಲಿನ ಕುಂದನ್ನು ಗಿರಾಕಿ ಹುಡುಕುವ ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರಕ್ಕಿಳಿದವರು ಇದನ್ನು ಮರೆಯಬೇಡಿ.

ಹುಡುಗನ ತಂದೆ ಅಂದು ಹೊರಡುವಾಗ ದೇವರ ಗೂಡಿನಲ್ಲಿದ್ದ ಮಾವನ ಪುಸ್ತಕ ಕೇಳಿ ಒಯ್ದಿದ್ದರು. ನಿಶ್ಚಿತಾರ್ಥದ ದಿನ ಅದನ್ನು ಕಂಕುಳಲ್ಲಿಟ್ಟುಕೊಂಡೇ ಬಂದರು. ಹಾಳೆಗಳ ತುದಿ ಮಡಚಿತ್ತು, ಅಲ್ಲಲ್ಲಿ ಎಣ್ಣೆ ಕಲೆ. ಕೌಜುಗದ ಹಕ್ಕಿಯ ವಿಚಾರ ನೀವು ಬರೆದದ್ದು ಸರಿಯಿಲ್ಲ, ನಮ್ಮ ಹೊಲದಲ್ಲಿ ಹಾಗಲ್ಲ ಎಂದು ವಾದಕ್ಕೇ ನಿಂತರು. ಮೈಸೂರಿನ ಹೊಗಳಿಕೆ ಬಂದ ದಿನವೂ ಮಾವನ ಮುಖ ಅಷ್ಟು ಅರಳಿರಲಿಲ್ಲ. ತಾಂಬೂಲ ಬದಲಾಯಿಸಲು ಕರೆದರೆ ಇಬ್ಬರೂ ಏಳಲಿಲ್ಲ. ಅತ್ತೆ ತಟ್ಟೆಯನ್ನು ಅವರಿದ್ದ ಕಡೆಗೇ ತಂದು, ಪುಸ್ತಕದ ಪಕ್ಕದಲ್ಲಿಟ್ಟರು.