ಗಣಿತಕ್ಕೆ ಹೋದ ಪಿರಿಯಡ್

ದೈಹಿಕ ಶಿಕ್ಷಣದ ಟೀಚರಾಗಿ ನಾನು ಬಳಗಾನೂರಿನ ಕಡೆಯ ಒಂದು ಹೈಸ್ಕೂಲಿಗೆ ಹೋದಾಗ ಅಲ್ಲಿ ಮೈದಾನವಿತ್ತು, ಆಟವಿರಲಿಲ್ಲ. ಸುಗ್ಗಿಯಲ್ಲಿ ಊರವರು ಅಲ್ಲಿ ಭತ್ತ ಒಣಹಾಕುತ್ತಿದ್ದರು. ಉಳಿದ ಕಾಲದಲ್ಲಿ ಫಲಿತಾಂಶ ಬರಬೇಕೆಂದು ನನ್ನ ಪಿರಿಯಡ್ಡುಗಳನ್ನು ಗಣಿತದ ಸರ್ ತೆಗೆದುಕೊಳ್ಳುತ್ತಿದ್ದರು. ಜಗಳಾಡಿ ಜಗಳಾಡಿ ಹುಡುಗಿಯರದೊಂದು ಖೋ-ಖೋ ತಂಡ ಕಟ್ಟಿದೆ.

ಅದರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಅವಳ ತಾಯಿ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಆಟದ ಭರದಲ್ಲಿ ಎರಡರಲ್ಲೂ ಕೂಗುತ್ತಿದ್ದಳು. ಅವಳು ಬೆನ್ನು ಹತ್ತಿದರೆ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಮಸ್ಕಿಯಲ್ಲಿ ತಾಲ್ಲೂಕು ಮಟ್ಟದ ಪಂದ್ಯದ ನಡುವೆ ಅವಳು ಕಂಬ ಹಿಡಿದುಕೊಂಡು ಹಾಗೇ ಕುಸಿದಳು. ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತನ ಇಲ್ಲಲ್ರೀ! ಇಂಥಾಕಿನ್ನ ಹೆಂಗ ಓಡಸಾಕತ್ತೀರಿ?" ಎಂದು ನನ್ನನ್ನೇ ಗದರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಮೆಲ್ಲಗೆ ಹೇಳಿದಳು. ತಿಂಗಳ ಮುಟ್ಟು ಅವಳಿಗೆ ವಾರ ಕಳೆದರೂ ನಿಲ್ಲುತ್ತಿರಲಿಲ್ಲವಂತೆ. ಎಲ್ಲರಿಗೂ ಹಾಗೇ ಇರುತ್ತದೆ ಎಂದುಕೊಂಡಿದ್ದಳು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಹುಡುಗಿಯರೆಲ್ಲ ಅದನ್ನು ಕಾಲುವೆಗೆ ಎಸೆಯುತ್ತಿದ್ದರು. ಪಠ್ಯದಲ್ಲಿ ಇದೆಲ್ಲ ಇತ್ತು. ಆದರೆ ಆ ಪಾಠ ಬಂದಾಗ ವಿಜ್ಞಾನದ ಸರ್, "ಮನ್ಯಾಗ ಓದ್ಕೋರಿ" ಎಂದು ಹಾಳೆ ಮಗುಚಿದ್ದರಂತೆ.

ಮರುವಾರವೇ ಹುಡುಗಿಯರನ್ನು ಕೂಡಿಸಿಕೊಂಡು ಆ ಪಾಠ ನಾನೇ ಮಾಡಿದೆ. ಮೊದಲು ಮುಸಿಮುಸಿ ನಕ್ಕರು. ಆಮೇಲೆ ಒಬ್ಬಳು ಕೇಳಿದಳು, ಆಮೇಲೆ ಎಲ್ಲರೂ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಕೆಲವೇ ದಿನಗಳಲ್ಲಿ ಹೆಡ್‌ಮಾಸ್ಟರ್ ಕರೆಸಿದರು.

"ಮೇಡಂ, ಹುಡುಗ್ಯಾರಿಗೆ ಏನೇನರ ಹೇಳಾಕತ್ತೀರಂತಲ್ಲ? ಪಾಲಕರು ಬಂದು ತಕರಾರು ಮಾಡ್ಯಾರ."

"ಯಾರು ಬಂದಿದ್ರು ಸರ್?"

"ಹೆಸರು ತಗೊಂಡು ಏನ್ ಮಾಡ್ತೀರಿ? ನಿಮ್ಮ ಕೆಲಸ ಸೀಟಿ ಊದೋದು. ಅಷ್ಟು ಮಾಡ್ರಿ."

ಆ ಹುಡುಗಿಯ ತಾಯಿಯೇ ಬಂದಿರಬಹುದೆಂದು ಸಂಜೆ ಅವರ ಅಂಗಡಿಗೆ ಹೋದೆ. ಅವರು ಮಷೀನು ನಿಲ್ಲಿಸಿದರು.

"ನಾ ಯಾಕ ತಕರಾರು ಮಾಡ್ಲಿ ರೀ ಮೇಡಂ? ಮಗಳು ಬಂದು ಎಲ್ಲಾ ಹೇಳಿದ್ಲು. ನನಗ ಇಷ್ಟ್ ವಯಸ್ಸಾದ್ರೂ ಯಾರೂ ಹೇಳಿದ್ದಿಲ್ಲ. ಈಗ ಗುಳಿಗಿ ನಾನ ಮುಂದ ನಿಂತು ನುಂಗಸ್ತೀನಿ."

ಓಣಿಯಲ್ಲಿ ವಿಚಾರಿಸಿದರು. ಯಾವ ಪಾಲಕರೂ ಶಾಲೆಗೆ ಹೋಗಿರಲಿಲ್ಲ. ಆಕೆ ನಾಲ್ಕು ಮಂದಿ ತಾಯಂದಿರನ್ನು ಕರೆದುಕೊಂಡು ಬಂದು, ಪಾಠ ನಡೆಯಲಿ ಎಂದು ಹೆಡ್‌ಮಾಸ್ಟರ್ ಎದುರೇ ಹೇಳಿದರು. ಅವರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು, "ನೋಡೋಣಮ್ಮ" ಎಂದರು. ಮುಂದಿನ ಸೋಮವಾರ ಹೊಸ ವೇಳಾಪಟ್ಟಿ ಬಂತು. ಒಂಬತ್ತು, ಹತ್ತನೆಯ ತರಗತಿಗಳಿಗೆ ನನ್ನ ಪಿರಿಯಡ್ಡೇ ಇರಲಿಲ್ಲ.

ಹುಡುಗಿ ಚೇತರಿಸಿಕೊಂಡಳು. ಇನ್ನು ಆಡಬಹುದು ಎಂದು ಡಾಕ್ಟರಮ್ಮ ಹೇಳಿದರೂ ಹೆಡ್‌ಮಾಸ್ಟರ್ ತಂಡಕ್ಕೆ ಸೇರಿಸಿಕೊಳ್ಳಲು ಬಿಡಲಿಲ್ಲ. "ಮತ್ತ ಬಿದ್ರ ಜವಾಬ್ದಾರಿ ಯಾರು?" ಎಂದರು. ಅವಳು ಎಷ್ಟೋ ದಿನ ವರಾಂಡದಲ್ಲಿ ನಿಂತು ಖಾಲಿ ಮೈದಾನ ನೋಡುತ್ತಿದ್ದಳು.

ವರ್ಷದ ಕೊನೆಗೆ ದೈಹಿಕ ಶಿಕ್ಷಣಕ್ಕೆ ಗ್ರೇಡ್ ಹಾಕಬೇಕಾಯಿತು. ಆಡಿಸದ ಆಟಕ್ಕೆ, ಹೇಳದ ಪಾಠಕ್ಕೆ ಗ್ರೇಡ್ ಹಾಕುವುದಿಲ್ಲ ಎಂದೆ. ನಾನು ರಜೆಯಲ್ಲಿದ್ದಾಗ ಬೇರೆ ಯಾರೋ ಎಲ್ಲರಿಗೂ 'ಎ' ಹಾಕಿದರು. ಅದೇ ವರ್ಷ ಫಲಿತಾಂಶ ಚೆನ್ನಾಗಿ ಬಂತೆಂದು ಹೆಡ್‌ಮಾಸ್ಟರಿಗೆ ಶಾಲು ಹೊದಿಸಿದರು. ನನಗೆ ಲಿಂಗಸುಗೂರಿನ ಕಡೆ ವರ್ಗವಾಯಿತು.

ಮೊನ್ನೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಈಗ ಕಾಲೇಜು.

"ಖೋ-ಖೋ ಆಡ್ತೀಯೇನ?"

"ಬಿಟ್ಟೀನ್ರಿ ಮೇಡಂ. ಆಗಿನ ಕಾಲು ಈಗ ಎಲ್ಲಿ ಬರ್ತಾವ್ರಿ?"

ಅವಳ ತಂಗಿ ಈಗ ಅದೇ ಶಾಲೆಯಲ್ಲಿದ್ದಾಳಂತೆ. ಮೊದಲ ಸಲ ಮುಟ್ಟಾದ ದಿನ ತನಗೇನೋ ರೋಗ ಬಂತೆಂದು ಅಳುತ್ತಾ ಮನೆಗೆ ಓಡಿಬಂದಿದ್ದಳಂತೆ.

"ಸಾಲ್ಯಾಗ ಯಾರೂ ಹೇಳಿಲ್ಲಂತ್ರಿ. ನಾನ ಕುಂದರ್ಸಿ ಹೇಳಿದೆ, ನೀವು ಹೇಳಿದಂಗ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಅವಳ ಬಸ್ ಬಂತು, ಹತ್ತಿ ಹೋದಳು. ನನ್ನ ಈಗಿನ ಶಾಲೆಯಲ್ಲೂ ಪಿರಿಯಡ್ಡುಗಳು ಗಣಿತಕ್ಕೇ ಹೋಗಿವೆ ಎಂದು ಅವಳಿಗೆ ಹೇಳಲು ನನ್ನಿಂದಾಗಲಿಲ್ಲ.