ಒಗೆದ ಪಂಚೆ

ಚಿಕ್ಕರಂಗಮ್ಮ ಒಗೆದ ಬಟ್ಟೆ ಗುಬ್ಬಿ ಸೀಮೆಯ ಆ ಊರಲ್ಲಿ ದೂರಕ್ಕೇ ಗುರುತು ಸಿಗುತ್ತಿತ್ತು, ಅಷ್ಟು ಬಿಳುಪು. ಅವಳ ಗಂಡ ಗಂಗಹನುಮಯ್ಯ ತುಮಕೂರಿನ ಸದಾಶಿವನಗರದಲ್ಲಿ, ಒಬ್ಬರೇ ಇದ್ದ ಅಂಬುಜಮ್ಮನವರ ಮನೆಯ ಗಿಡಗಳಿಗೆ ನೀರು ಹಾಕಿ ಬರುತ್ತಿದ್ದ. ಒಂದು ಬೆಳಿಗ್ಗೆ ಹೋದಾಗ ಆಯಮ್ಮನನ್ನು ಯಾರೋ ಕೊಂದು ಒಡವೆ ಒಯ್ದಿದ್ದರು. ಇವನು ಅವರ ರಕ್ತ ಮೆತ್ತಿದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯವರನ್ನೆಲ್ಲ ಕೂಗಿದ. ಹೆಣವನ್ನು ವ್ಯಾನಿಗೆ ಎತ್ತಿಕೊಟ್ಟವನೂ ಅವನೇ.

ಸಂಜೆ ಊರಿಗೆ ಬಂದವನನ್ನು ಹೆಂಡತಿ ಹೊಸಿಲು ದಾಟಗೊಡಲಿಲ್ಲ. ಹೆಣ ಮುಟ್ಟಿ ಬಂದವರಿಗೆ ಮಾಡುವಂತೆ ಹಿತ್ತಲಲ್ಲೇ ನಿಲ್ಲಿಸಿ, ಉಟ್ಟ ಬಟ್ಟೆಯ ಮೇಲೇ ತಲೆಗೆ ನೀರು ಹೊಯ್ದಳು. ಪಂಚೆಗೆ ಸೋಪು ಹಾಕಿ ತಿಕ್ಕಿ, ಜಾಲಿಸಿ, ಹರವಿದಳು.

ವಾರದ ಮೇಲೆ ಪೊಲೀಸರು ಅವನನ್ನೂ ಪಂಚೆಯನ್ನೂ ಒಯ್ದರು. ಅಂಚಿನಲ್ಲಿ ಚೂರು ಕಲೆ ಉಳಿದಿತ್ತು. ಕೊಂದವನು ಇವನೇ, ರಕ್ತ ತೊಳೆದು ಸಾಕ್ಷಿ ಅಳಿಸಿದ ಎಂದು ಕೇಸಾಯಿತು.

ಸರ್ಕಾರ ಕೊಟ್ಟ ವಕೀಲರ ಹಿಂದೆ ಅವಳು ಕೋರ್ಟಿನ ಮೆಟ್ಟಿಲ ತನಕ ಹೋದಳು. "ಸ್ವಾಮಿ, ಒಗೆದೋಳು ನಾನು. ನನ್ನ ಕೇಳಿ."

"ಹೆಂಡ್ತಿ ಮಾತು ಯಾರಮ್ಮ ನಂಬ್ತಾರೆ? ಸುಮ್ನಿರು."

ಬೀದಿಯವರನ್ನೂ ಯಾರೂ ಕರೆಸಲಿಲ್ಲ. ಗಲ್ಲು ಎಂದು ತೀರ್ಪಾಯಿತು. ಮೇಲಿನ ಕೋರ್ಟೂ ಹಾಗೇ ಅಂದಿತು.

ಜೈಲಿಗೆ ನೋಡಲು ಹೋದಾಗ ಅವನು ನಕ್ಕ. "ಇಲ್ಲಿ ನನ್ ಬಟ್ಟೆ ನಾನೇ ಒಗ್ಕೋತೀನಿ ಕಣೇ ರಂಗಿ. ನೀನ್ ಒಗೆದಂಗೆ ಆಗಾಕಿಲ್ಲ." ಅವಳಿಗೆ ನಗು ಬರಲಿಲ್ಲ.

ವರ್ಷಗಳು ಕಳೆದು ಕೇಸು ದಿಲ್ಲಿಗೆ ಹೋಯಿತು. ಅದನ್ನು ಹಿಡಿದ ವಕೀಲೆ ರೂಪಶ್ರೀ ಊರಿಗೇ ಬಂದು, ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದಳು: "ಯಾಕಮ್ಮ ಒಗೆದ್ರಿ?"

ಅಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಅವಳೊಬ್ಬಳೇ.

"ಹೆಣ ಮುಟ್ಟಿ ಬಂದವ್ರೆ, ಒಗೀದೆ ಒಳಿಕ್ಕೆ ಬುಟ್ಕೊಳ್ಳಾಕಾಯ್ತದಾ? ನಿಮ್ಮನೇಲಿ ಒಗೆಯಾಕಿಲ್ವೇನವ್ವ?"

"ನಮ್ಮನೇಲೂ ಒಗೀತಾರೆ," ಅಂದಳು ರೂಪಶ್ರೀ. ಆಮೇಲೆ ಸದಾಶಿವನಗರಕ್ಕೆ ಹೋಗಿ, ಅವತ್ತು ಅವನ ಕೂಗು ಕೇಳಿ ಓಡಿಬಂದವರನ್ನು ಹುಡುಕಿದಳು.

ಅವರ ಮಾತು ಕೋರ್ಟಿನ ಮುಂದೆ ಬಂದು, ಗಂಗಹನುಮಯ್ಯ ನಿರಪರಾಧಿ ಎಂದಾಯಿತು. ಕೂದಲೆಲ್ಲ ಹಣ್ಣಾಗಿ ಮನೆಗೆ ಬಂದ.

ಆ ಕಾರ್ತೀಕದಲ್ಲಿ ಪಕ್ಕದ ಮನೆಯ ಮೂಡಲಗಿರಿಯಪ್ಪ ತೀರಿಕೊಂಡ. ಗಂಗಹನುಮಯ್ಯ ಚಟ್ಟಕ್ಕೆ ಹೆಗಲು ಕೊಟ್ಟು ಬಂದ. ಚಿಕ್ಕರಂಗಮ್ಮ ಹಿತ್ತಲಲ್ಲಿ ಬಿಸಿನೀರು ತೋಡಿಟ್ಟಿದ್ದಳು. ಅವನು ಕಲ್ಲಿನ ಹತ್ತಿರ ಬರಲೇ ಇಲ್ಲ. ಹಗ್ಗದ ಮೇಲೆ ಒಣಗಿದ್ದ ಬೇರೆ ಪಂಚೆ ಉಟ್ಟು, ಬಿಚ್ಚಿದ್ದನ್ನು ಸುತ್ತಿ ಕಂಕುಳಲ್ಲಿ ಅವುಚಿಕೊಂಡು ಬೇಲಿಯ ಪಕ್ಕ ನಿಂತ.

"ಕೊಡಿ ಇತ್ಲಾಗೆ," ಅಂದಳು.

"ಒಗೀಬ್ಯಾಡ ಬುಡೇ. ನಾಳಿಕ್ಕೆ ಯಾರಾದ್ರೂ ಬಂದು ಕೇಳುದ್ರೆ ತೋರಿಸ್‌ಬೇಕು."

ಅವಳು ಕೈ ಚಾಚಿದ್ದವಳು ಹಾಗೇ ನಿಂತಳು. ತೋಡಿಟ್ಟ ನೀರು ಆರಿತು. ಕೊನೆಗೆ ಅವನ ತೋಳು ಹಿಡಿದು, ಆ ಪಂಚೆಯ ಸಮೇತ, ಹೊಸಿಲು ದಾಟಿಸಿ ಒಳಕ್ಕೆ ಕರೆದುಕೊಂಡಳು.